ಹಳದಿ ಪರದೆಯಲ್ಲಿ ನಿಂತುಹೋದ ಇನ್‌ಸ್ಟಾಲೇಷನ್

ಪ್ರಶ್ನೆ: ಮೇಡಂ, ಆಫೀಸಿನ ಹಳೇ ಸರ್ವರ್‌ಗೆ ಇಎಸ್‌ಎಕ್ಸ್‌ಐ 7.0 (ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಮಷಿನ್, ಅಂದರೆ ಸಾಫ್ಟ್‌ವೇರ್ ರೂಪದ ಕಂಪ್ಯೂಟರ್, ಓಡಿಸುವ ವಿಎಂವೇರ್ ವ್ಯವಸ್ಥೆ) ಹಾಕಲು ಹೊರಟಿದ್ದೇನೆ. ಮೊದಲು ಅದರಲ್ಲಿ 6.5 ಇತ್ತು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಹಳದಿ-ಬೂದು ಪರದೆಯಲ್ಲಿ ‘ಎನ್‌ಎಫ್‌ಎಸ್41ಕ್ಲೈಂಟ್’ ಯಶಸ್ವಿಯಾಗಿ ಲೋಡ್ ಆಯಿತು ಎಂಬ ಸಾಲಿಗೆ ಬಂದು ನಿಂತುಬಿಡುತ್ತದೆ. ರಾತ್ರಿಯಿಡೀ ಬಿಟ್ಟರೂ ಮುಂದೆ ಹೋಗಲಿಲ್ಲ. ಲಿನಕ್ಸ್ ಮಾತ್ರ ಸಲೀಸಾಗಿ ಬೂಟ್ ಆಗುತ್ತದೆ. ಆ ಮಾಡ್ಯೂಲನ್ನೇ (ಬೂಟ್ ಆಗುವಾಗ ಲೋಡ್ ಆಗುವ ಸಾಫ್ಟ್‌ವೇರ್ ತುಣುಕನ್ನೇ) ಕಿತ್ತುಹಾಕು ಎನ್ನುತ್ತಾರೆ ಗೆಳೆಯರೊಬ್ಬರು. ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ರೇಡ್ ಕಾರ್ಡಿಗೆ ನಾಲ್ಕು ಡಿಸ್ಕ್ ಇವೆ, ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ). ಹಳೇ ವರ್ಚುವಲ್ ಮಷಿನ್‌ಗಳು ಅದರಲ್ಲೇ ಇವೆ, ಬ್ಯಾಕಪ್ ಅರ್ಧಂಬರ್ಧ. ಆಗದಿದ್ದರೆ 6.7 ಹಾಕಿಬಿಡಲೇ?

ಉತ್ತರ: ಬ್ಯಾಕಪ್ ಅರ್ಧಂಬರ್ಧ ಎಂದಿದ್ದೀರಿ. ಹಾಗಿದ್ದರೆ ದಯವಿಟ್ಟು ಡಿಸ್ಕುಗಳನ್ನು ಒಂದೊಂದಾಗಿ ತೆಗೆದು ಪರೀಕ್ಷೆ ಮಾಡಬೇಡಿ. ರೇಡ್ 5ರಲ್ಲಿ ಒಂದು ಡಿಸ್ಕ್ ಇಲ್ಲದೆ ಪವರ್ ಕೊಟ್ಟರೆ ಅರೇ (ಡಿಸ್ಕುಗಳ ಆ ಗುಂಪು) ಕುಂಟಲು ಶುರುವಾಗುತ್ತದೆ. ತೆಗೆದದ್ದನ್ನು ಮರಳಿ ಹಾಕಿದ ಮೇಲೂ ರೀಬಿಲ್ಡ್, ಅಂದರೆ ಆ ಡಿಸ್ಕಿನ ಡೇಟಾವನ್ನು ಮತ್ತೆ ಕಟ್ಟುವ ಕೆಲಸ, ನಡೆಯಬೇಕು, ಅಷ್ಟರಲ್ಲಿ ಇನ್ನೊಂದು ಡಿಸ್ಕ್ ಕೈಕೊಟ್ಟರೆ ಎಲ್ಲವೂ ಹೋಯಿತು.

ಇನ್ನು ಪರದೆಯ ವಿಷಯ. ಅಲ್ಲಿ ಕೊನೆಗೆ ಕಾಣುವ ಸಾಲು ತಪ್ಪಿತಸ್ಥನಲ್ಲ. ‘ನನ್ನ ಕೆಲಸ ಮುಗಿಯಿತು’ ಎಂದು ಅದೇ ಹೇಳುತ್ತಿದೆಯಲ್ಲ! ಎನ್‌ಎಫ್‌ಎಸ್ ನೆಟ್‌ವರ್ಕ್ ಮೂಲಕ ಫೈಲ್ ಹಂಚಿಕೊಳ್ಳುವ ವ್ಯವಸ್ಥೆ, ನಿಮ್ಮ ರೇಡ್ ಕಾರ್ಡಿಗೂ ಅದಕ್ಕೂ ಸಂಬಂಧವಿಲ್ಲ. ಸಿಕ್ಕಿಬಿದ್ದಿರುವುದು ಅದರ ನಂತರದ, ಇನ್ನೂ ಪರದೆಗೆ ಬಾರದ ಕೆಲಸ. ಗೆಳೆಯರ ಮಾತು ಕೇಳಿ ಆ ಮಾಡ್ಯೂಲ್ ತೆಗೆದರೆ ಅದರ ಹಿಂದಿನ ಸಾಲು ಕೊನೆಯದಾಗುತ್ತದೆ, ಅಷ್ಟೇ.

ಅದೇ ಸ್ಥಿತಿಯಲ್ಲಿ ಆಲ್ಟ್ ಮತ್ತು ಎಫ್12 ಒಟ್ಟಿಗೆ ಒತ್ತಿ. ಇಎಸ್‌ಎಕ್ಸ್‌ಐ ಒಳಗೆ ಏನು ನಡೆಯುತ್ತಿದೆ ಎಂದು ದಾಖಲಿಸುವ ವಿಎಂಕರ್ನಲ್ ಲಾಗ್ ತೆರೆದುಕೊಳ್ಳುತ್ತದೆ. ಅಲ್ಲಿ ಎರಡು ನಿಮಿಷ ಸುಮ್ಮನೆ ಕೂತು ನೋಡಿ, ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಸಾಲುಗಳು ನಿಧಾನವಾಗಿ ಸೇರುತ್ತಾ ಒಂದೇ ಅಡಾಪ್ಟರಿನ (ಡಿಸ್ಕ್ ಕಂಟ್ರೋಲರಿನ) ಹೆಸರು ಪದೇಪದೇ ಬರುತ್ತಿದ್ದು, ಜೊತೆಗೆ ಅಬಾರ್ಟ್, ರೀಸೆಟ್, ಟೈಮ್‌ಔಟ್ ಎಂಬ ಪದಗಳಿದ್ದರೆ ಇನ್‌ಸ್ಟಾಲರ್ ಸತ್ತಿಲ್ಲ. ಡ್ರೈವರ್ (ಯಂತ್ರಭಾಗವನ್ನು ನಡೆಸುವ ಸಾಫ್ಟ್‌ವೇರ್) ಆ ಕಂಟ್ರೋಲರನ್ನು ಪ್ರಶ್ನೆ ಕೇಳುತ್ತಿದೆ, ಉತ್ತರ ಬರುತ್ತಿಲ್ಲ, ಗಡುವು ಮುಗಿದಾಗಲೆಲ್ಲ ಮತ್ತೆ ಕೇಳುತ್ತಿದೆ. ಆ ಹೆಸರೇ ನಿಮಗೆ ಬೇಕಾದ ಸುಳಿವು.

ಇಲ್ಲೊಂದು ವಿಷಯ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. 2020ರಲ್ಲಿ ಬಂದ 7.0ರಲ್ಲಿ ವಿಎಂಕೆಲಿನಕ್ಸ್ ಎಂಬ ಹಳೇ ಪದರವನ್ನು ಪೂರ್ತಿ ತೆಗೆದರು. ಲಿನಕ್ಸ್‌ನಿಂದ ಬಂದ ಹಳೇ ಡ್ರೈವರ್‌ಗಳು ಅದರ ಮೇಲೆಯೇ ಓಡುತ್ತಿದ್ದವು, ಹಾಗಾಗಿ 6.5ರಲ್ಲಿ ಚೆನ್ನಾಗಿದ್ದ ಎಷ್ಟೋ ಕಾರ್ಡುಗಳು 7.0ಕ್ಕೆ ಕಾಣುವುದೇ ಇಲ್ಲ. ಆದರೆ ಡ್ರೈವರ್ ಇಲ್ಲದಿದ್ದರೆ ಸಾಮಾನ್ಯವಾಗಿ ಇನ್‌ಸ್ಟಾಲರ್ ಮುಂದೆ ಹೋಗಿ ‘ಡಿಸ್ಕ್ ಇಲ್ಲ’ ಎನ್ನುತ್ತದೆ. ನಿಮ್ಮದು ನಿಂತಿದೆ. ಅಂದರೆ ಯಾವುದೋ ಡ್ರೈವರ್ ಯಾವುದೋ ಕಂಟ್ರೋಲರನ್ನು ಹಿಡಿದುಕೊಂಡು ಕಾಯುತ್ತಿದೆ ಎಂಬ ಅನುಮಾನವೇ ನನಗೆ ಹೆಚ್ಚು. ಕಾರಣ ಕಾರ್ಡಿನ ಹಳೇ ಫರ್ಮ್‌ವೇರ್ (ಅದರೊಳಗೇ ಇರುವ ಸಾಫ್ಟ್‌ವೇರ್) ಇರಬಹುದು, ಸಾಯುತ್ತಿರುವ ಒಂದು ಡಿಸ್ಕ್ ಇರಬಹುದು, ಮದರ್‌ಬೋರ್ಡಿಗೇ ಡಿಸ್ಕ್ ಜೋಡಿಸುವ ಸಾಟಾ ಕಂಟ್ರೋಲರೇ ಇರಬಹುದು. ಲಿನಕ್ಸ್ ಬೂಟ್ ಆಗುತ್ತದೆ ಎಂಬುದರಿಂದ ಕಾರ್ಡ್ ಪೂರ್ತಿ ಸತ್ತಿಲ್ಲ ಎಂದಷ್ಟೇ ತಿಳಿಯುತ್ತದೆ.

ಸಾಟಾ ಪೋರ್ಟ್‌ಗಳಲ್ಲಿ ಏನೂ ಇಲ್ಲದಿದ್ದರೆ ಬಯಾಸ್‌ನಲ್ಲಿ ಅವನ್ನು ಆಫ್ ಮಾಡಿ ಬೂಟ್ ಮಾಡಿ ನೋಡಿ, ಇದು ಸುಲಭದ ಪರೀಕ್ಷೆ. ಆಮೇಲೆ ರೇಡ್ ಕಾರ್ಡಿನ ಸ್ವಂತ ಮೆನುವಿಗೆ ಹೋಗಿ ಪ್ರತಿ ಡಿಸ್ಕಿನ ಮೀಡಿಯಾ ಎರರ್ (ಓದಲು-ಬರೆಯಲು ಆಗದ ದೋಷಗಳ) ಎಣಿಕೆ ನೋಡಿ. ಮೂರು ಡಿಸ್ಕುಗಳಲ್ಲಿ ಸೊನ್ನೆ ಇದ್ದು ನಾಲ್ಕನೆಯದರಲ್ಲಿ ದೊಡ್ಡ ಸಂಖ್ಯೆ ಇದ್ದರೆ ಅಲ್ಲಿಗೆ ನಿಲ್ಲಿ, ಡೇಟಾ ನಕಲಾಗುವವರೆಗೆ ಇನ್‌ಸ್ಟಾಲೇಷನ್ ಮಾತೇ ಬೇಡ. ಎಲ್ಲವೂ ಸೊನ್ನೆಯಾದರೆ ಸರ್ವರ್ ಆಫ್ ಮಾಡಿ, ಪ್ರತಿ ಡಿಸ್ಕಿನ ಮೇಲೆ ಸ್ಲಾಟ್ ಸಂಖ್ಯೆ ಬರೆದು, ನಾಲ್ಕನ್ನೂ ಒಟ್ಟಿಗೆ ಹೊರತೆಗೆದು ಬೂಟ್ ಮಾಡಿ. ಆಗಲೂ ನಿಂತರೆ ಕಾರ್ಡನ್ನೂ ತೆಗೆದು ನೋಡಿ. ಮರಳಿ ಹಾಕುವಾಗಲೂ ಪವರ್ ಆಫ್ ಇರಲಿ, ಡಿಸ್ಕುಗಳು ಅವವೇ ಸ್ಲಾಟಿಗೆ ಹೋಗಲಿ. ‘ಫಾರಿನ್ ಕಾನ್ಫಿಗರೇಷನ್’ (ಡಿಸ್ಕುಗಳ ಮೇಲೆ ಮೊದಲೇ ಬರೆದಿರುವ ರೇಡ್ ವಿವರ) ಕಂಡಿದೆ ಎಂದು ಕಾರ್ಡ್ ಕೇಳಿದರೆ ಇಂಪೋರ್ಟ್ ಆರಿಸಿ. ಕ್ಲಿಯರ್ ಮತ್ತು ಇನಿಷಿಯಲೈಸ್ ಎಂಬ ಎರಡರ ಹತ್ತಿರವೂ ಹೋಗಬೇಡಿ.

ಕಾರ್ಡೇ ಕಾರಣವೆಂದು ಖಚಿತವಾದರೆ ಅದರ ತಯಾರಕರನ್ನೂ ಮಾದರಿಯನ್ನೂ ಹೇಳುವ ವಿಐಡಿ, ಡಿಐಡಿ, ಎಸ್‌ವಿಐಡಿ, ಎಸ್‌ಎಸ್‌ಐಡಿ ಎಂಬ ನಾಲ್ಕು ಗುರುತುಗಳನ್ನು ಲಿನಕ್ಸ್‌ನಲ್ಲೇ ಬರೆದುಕೊಂಡು ವಿಎಂವೇರ್ ಹೊಂದಾಣಿಕೆ ಪಟ್ಟಿಯಲ್ಲಿ ಹುಡುಕಿ. ಹೆಸರಿನಿಂದ ಹುಡುಕಬೇಡಿ, ಒಂದೇ ಹೆಸರಿನಲ್ಲಿ ಬೇರೆಬೇರೆ ಚಿಪ್ ಇರುವುದುಂಟು. ಪಟ್ಟಿಯಲ್ಲಿ ಆ ಕಾರ್ಡಿಗೆ 7.0 ಇದ್ದರೆ ಅಲ್ಲಿ ಹೇಳಿದ ಫರ್ಮ್‌ವೇರ್ ಹಾಕಿ, ಸರ್ವರ್ ತಯಾರಕರೇ ಕೊಡುವ ಐಎಸ್‌ಒ (ಇನ್‌ಸ್ಟಾಲೇಷನ್ ಫೈಲ್) ಬಳಸಿ. ಇಲ್ಲದಿದ್ದರೆ ಕಾರ್ಡ್ ಬದಲಿಸಲೇಬೇಕು. ಫರ್ಮ್‌ವೇರ್ ಆದರೂ ಕಾರ್ಡ್ ಬದಲಾವಣೆಯಾದರೂ ನಕಲು ಮುಗಿದ ಮೇಲೆಯೇ.

6.7ಕ್ಕೆ ಸಾಮಾನ್ಯ ಬೆಂಬಲ 2022ರ ಅಕ್ಟೋಬರ್ 15ಕ್ಕೇ ಮುಗಿಯಿತು, ಖಾಯಂ ಓಡಿಸಲು ನಾನು ಒಪ್ಪುವುದಿಲ್ಲ. ಆದರೆ ಹಳೇ ಮಷಿನ್‌ಗಳನ್ನು ಹೊರತೆಗೆಯಲು ಅದು ಉಪಯೋಗಕ್ಕೆ ಬರುತ್ತದೆ. ಹೊರಗಿನ ನೆಟ್‌ವರ್ಕ್ ಬಿಡಿಸಿ, ಬೇರೊಂದು ಚಿಕ್ಕ ಡಿಸ್ಕಿಗೆ 6.7 ಹಾಕಿ, ಹಳೇ ಡೇಟಾಸ್ಟೋರ್‌ನಿಂದ (ಮಷಿನ್‌ಗಳ ಫೈಲ್‌ಗಳಿರುವ ಜಾಗದಿಂದ) ಎಲ್ಲವನ್ನೂ ನಕಲು ಮಾಡಿಕೊಳ್ಳಿ. ಡಿಸ್ಕ್ ಆರಿಸುವ ಪರದೆಯಲ್ಲಿ ಹೆಸರಿನ ಪಕ್ಕ ನಕ್ಷತ್ರ ಚಿಹ್ನೆ ಇದ್ದರೆ ಅದರಲ್ಲಿ ವಿಎಂಎಫ್‌ಎಸ್ (ಡೇಟಾಸ್ಟೋರ್‌ಗೆ ಇಎಸ್‌ಎಕ್ಸ್‌ಐ ಬಳಸುವ ಫೈಲ್ ವ್ಯವಸ್ಥೆ) ಇದೆ ಎಂದರ್ಥ. ನಿಮ್ಮ ಮಷಿನ್‌ಗಳು ಇರುವುದು ಅಲ್ಲೇ, ಅದನ್ನು ಆರಿಸಬೇಡಿ.