ಮಲೆನಾಡಲ್ಲಿ ದೆವ್ವದ ಜಾಗ ನೋಡೋಕೆ ರಾತ್ರಿ ಹೋಗ್ಬಹುದಾ?

ರಾತ್ರಿ ಬೇಡ ಮಾರಾಯ್ರೆ. ದೆವ್ವದ ಕೋಟೆ ಅಂತ ಹೆಸರಾದ ರಾಜಸ್ಥಾನದ ಭಾನಗಢದಲ್ಲೇ ಸೂರ್ಯ ಮುಳುಗಿದ್ಮೇಲೆ ಒಳಗೆ ಬಿಡಲ್ಲ, ಪುರಾತತ್ವ ಇಲಾಖೆ ಬೋರ್ಡೇ ಹಾಕಿದೆ. ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ ಟಿಕೆಟ್ ತಗೊಂಡು ಗೈಡ್ ಹಿಂದೆ ನೆಲದಡಿ ಓಣಿ ಸುತ್ತೋ ಘೋಸ್ಟ್ ಟೂರ್ ಬೇರೆ, ಅಲ್ಲಿ ದಾರಿ ತೋರ್ಸೋರು ಜೊತೆಗೇ ಇರ್ತಾರೆ. ನಮ್ಮ ಕವಲೇದುರ್ಗ, ನಗರ ಕೋಟೆಗೆ ಹಗಲಲ್ಲೇ ಹೋಗಿ, 1763ರಲ್ಲಿ ಹೈದರಾಲಿ ಬಿದನೂರು (ಈಗಿನ ನಗರ) ಹಿಡಿದಿದ್ದು ನೆನಪಿಟ್ಕೊಂಡು ಆ ಪಾಚಿ ಹಿಡಿದ ಗೋಡೆ ಮಧ್ಯೆ ಸುಮ್ನೆ ನಿಂತ್ರೆ ಮೈ ಜುಂ ಅನ್ನತ್ತೆ, ಅದಕ್ಕಿಂತ ದೆವ್ವದ ಕಥೆ ಬೇಕಾ? ಆಗುಂಬೆ ಕಡೆ ಕಾಳಿಂಗ ಓಡಾಡೋ ಕಾಡು, ಮಳೆಗಾಲದಲ್ಲಿ ಕಲ್ಲು ಬೇರೆ ಜಾರತ್ತೆ. ಇನ್ನೊಂದು ಮುಖ್ಯ ವಿಷ್ಯ, ಚೌಡಿಬನ, ಭೂತನ ಕಟ್ಟೆ ಎಲ್ಲ ಊರೋರು ಹಣ್ಣುಕಾಯಿ ಮಾಡೋ ಜಾಗ, ಚಪ್ಪಲಿ ಹಾಕ್ಕೊಂಡು ಹೋಗಿ ವಿಡಿಯೋ ಮಾಡ್ಬೇಡಿ ದಯವಿಟ್ಟು, ಹತ್ರದ ಮನೆಯವ್ರನ್ನ ಕೇಳ್ಕೊಂಡೇ ಹೋಗಿ.