ಮಿದುಳಿಗೆ ತಂತಿ: ಸಹಿ ಹಾಕುವ ಮೊದಲು

ಪ್ರಶ್ನೆ: ತಂದೆಯವರಿಗೆ ಹನ್ನೊಂದು ವರ್ಷದಿಂದ ಪಾರ್ಕಿನ್ಸನ್. ಈಗ ಮಾತ್ರೆಯ ಪರಿಣಾಮ ಎರಡು ಗಂಟೆಯೂ ನಿಲ್ಲುತ್ತಿಲ್ಲ. ಮಿದುಳಿಗೆ ತಂತಿ ಇಳಿಸುವ ಡಿಬಿಎಸ್ ಮಾಡಿಸಿ ಎಂದಿದ್ದಾರೆ. ಗುಣವಾಗುತ್ತದೆಯೇ? ಸಹಿಗೆ ಮೊದಲು ಏನು ಕೇಳಬೇಕು?
— ಓದುಗರು, ಶಿವಮೊಗ್ಗ

ಉತ್ತರ: ಗುಣವಾಗುವುದಿಲ್ಲ, ರೋಗ ತನ್ನ ಪಾಡಿಗೆ ಮುಂದುವರಿಯುತ್ತದೆ. ತಂತಿಯಲ್ಲಿ ಹರಿಸುವ ಸಣ್ಣ ಕರೆಂಟಿನಿಂದ ನಡುಕ, ಬಿಗಿತ, ಮಾತ್ರೆಯ ಏರಿಳಿತ ತಗ್ಗುತ್ತವೆ. ಮಾತ್ರೆಗೆ ಬಗ್ಗುವ ತೊಂದರೆಯೇ ಸಾಮಾನ್ಯವಾಗಿ ಕರೆಂಟಿಗೂ ಬಗ್ಗುವುದು (ನಡುಕವೊಂದು ಹೊರತು). ಅದಕ್ಕೇ ಸುಮಾರು 12 ಗಂಟೆ ಲೆವೊಡೋಪಾ (ಪಾರ್ಕಿನ್ಸನ್‌ನ ಮುಖ್ಯ ಮಾತ್ರೆ) ನಿಲ್ಲಿಸಿ, ಮರುದಿನ ಬೆಳಿಗ್ಗೆ ಕೊಟ್ಟು, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಅಂಕ ಹಾಕಿ ನೋಡುತ್ತಾರೆ. ಈ ಪರೀಕ್ಷೆಯನ್ನೇ ಮಾಡದೆ ಆಪರೇಷನ್‌ಗೆ ದಿನ ಗೊತ್ತುಮಾಡಿದರೆ ಇನ್ನೊಬ್ಬ ನರತಜ್ಞರನ್ನು ಕಾಣಿರಿ. ಮರೆವು, ಆಯ ತಪ್ಪಿ ಬೀಳುವುದೇ ಮುಖ್ಯ ತೊಂದರೆಯಾಗಿದ್ದರೆ ಬೇಡವೆನ್ನುವುದೇ ಲೇಸು. ಮಾತು ಇನ್ನಷ್ಟು ತೊದಲಲೂಬಹುದು.

ಬ್ಯಾಟರಿ ಡಬ್ಬಿ ಎದೆಯ ಚರ್ಮದಡಿ ಕೂರುತ್ತದೆ. ಚಾರ್ಜ್ ಮಾಡಲಾಗದ್ದು 3ರಿಂದ 5 ವರ್ಷ ಬರುತ್ತದೆ, ಬದಲಿಸಲು ಮತ್ತೆ ಆಪರೇಷನ್. ಆ ಖರ್ಚನ್ನೂ ಈಗಲೇ ಬರೆಸಿಕೊಳ್ಳಿ. ಚಾರ್ಜ್ ಆಗುವಂಥದ್ದು 15 ವರ್ಷ ಬಂದೀತು, ಆದರೆ ಮನೆಯಲ್ಲಿ ತಪ್ಪದೆ ಚಾರ್ಜ್ ಮಾಡುವವರು ಬೇಕು. ಉಪಕರಣದ ಕಾರ್ಡು ಸದಾ ಜೇಬಿನಲ್ಲಿರಲಿ. ಮಂಡಿನೋವಿಗೆಂದು ಫಿಸಿಯೋಥೆರಪಿಯಲ್ಲಿ ಕೊಡುವ ಡಯಾಥರ್ಮಿ ಶಾಖ ಇವರಿಗೆ ಕೂಡದು. ತಂತಿಯ ತುದಿ ಕಾದು ಮಿದುಳು ಸುಡುತ್ತದೆ.

ಒಪ್ಪಿಗೆಪತ್ರದಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಸ್ವಭಾವದ ಮಾತು. ಕರೆಂಟ್ ಹೊಂದಿಸುವ ತಿಂಗಳುಗಳಲ್ಲಿ ಕೆಲವರು ದುಡುಕುತ್ತಾರೆ, ದುಡ್ಡು ಚೆಲ್ಲುತ್ತಾರೆ, ಇಲ್ಲವೇ ಮಂಕಾಗುತ್ತಾರೆ. ಅವರಿಗದು ಗೊತ್ತೇ ಆಗದಿರಬಹುದು. ‘ಕಡಿಮೆ ಮಾಡಿ’ ಎಂದು ವೈದ್ಯರಿಗೆ ಹೇಳುವ ಅಧಿಕಾರ ಮನೆಯಲ್ಲಿ ಯಾರಿಗೆ ಎಂಬುದನ್ನು ತಂದೆಯವರೇ ಮೊದಲು ಬರೆದಿಡಲಿ.

ಕಂಪನಿ ಕೈಬಿಟ್ಟರೆ? ಅಮೆರಿಕದ ಸೆಕೆಂಡ್ ಸೈಟ್ 2019ರಲ್ಲಿ ಆರ್ಗಸ್ 2 ಕೃತಕ ರೆಟಿನಾವನ್ನು ನಿಲ್ಲಿಸಿತು. ಕಣ್ಣಲ್ಲಿ ಅದನ್ನಿಟ್ಟುಕೊಂಡಿದ್ದ ಮುನ್ನೂರೈವತ್ತರಷ್ಟು ಜನ ದುರಸ್ತಿಗೆ ಪರದಾಡಿದರು. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆಂದು ಲಿಖಿತವಾಗಿಯೇ ಕೇಳಿ.

ಪ್ರಶ್ನೆ: ತಲೆಗೆ ತಂತಿಗಳ ಟೋಪಿ ತೊಡಿಸಿ ಪೊಲೀಸರು ಮಿದುಳಿನ ಪರೀಕ್ಷೆ ಮಾಡಿಸಬಹುದೇ? ಬಾಯಿ ಬಿಡದಿದ್ದರಾಯಿತಲ್ಲವೇ?
— ಓದುಗರು, ಹುಬ್ಬಳ್ಳಿ

ಉತ್ತರ: ಆ ಪರೀಕ್ಷೆಗೆ ಬಾಯೇ ಬೇಡ. ಘಟನೆಯ ವಾಕ್ಯಗಳನ್ನು ಕೇಳಿಸುತ್ತಾ ಮಿದುಳಿಗೆ ಅದು ನೆನಪಿದೆಯೇ ಎಂದು ಅಂದಾಜಿಸಲು ಅದರ ವಿದ್ಯುತ್ ಅಲೆಗಳನ್ನು ದಾಖಲಿಸುತ್ತಾರೆ. ಇದನ್ನು ಬಲವಂತದಿಂದ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪಿತ್ತಿತು. ಅದು ನಮ್ಮ ರಾಜ್ಯದ್ದೇ ಪ್ರಕರಣ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ಒಪ್ಪಿ ಮಾಡಿಸಿಕೊಂಡರೂ ಫಲಿತಾಂಶವೇ ಸಾಕ್ಷ್ಯವಾಗದು. ಆದರೆ ಅದರ ಜಾಡು ಹಿಡಿದು ಸಿಕ್ಕ ವಸ್ತು ಸಾಕ್ಷ್ಯವಾಗಬಹುದು, ಹಾಗಾಗಿ ವಕೀಲರನ್ನು ಕೇಳದೆ ಒಪ್ಪಬೇಡಿ. ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು, ಠಾಣೆಯಲ್ಲಿ ಹಾಕಿಸಿಕೊಂಡ ಸಹಿ ಸಾಲದು.