ಮೋರ್ಸ್ ಕೋಡ್: ಗೋಡೆಯ ಚಾರ್ಟ್ ಸಾಲದು, ಕಿವಿಗೆ ಬೀಳಬೇಕು

ಓದುಗರ ಪತ್ರ: ಏಳನೇ ಕ್ಲಾಸಿನ ಮಗಳು ಅಕ್ಷರಗಳನ್ನು ಚುಕ್ಕಿ-ಗೆರೆಗಳಲ್ಲಿ ಹೇಳುವ ಮೋರ್ಸ್ ಕೋಡ್ ಚಾರ್ಟನ್ನು ಗೋಡೆಗೆ ಅಂಟಿಸಿಕೊಂಡು ಬಾಯಿಪಾಠ ಮಾಡುತ್ತಿದ್ದಾಳೆ. ಟೆಲಿಗ್ರಾಂ ನಿಂತು ಎಷ್ಟೋ ವರ್ಷವಾಯಿತು. ನನ್ನ ಆಫೀಸಿನಲ್ಲಿ ಎಸ್‌ಒಎಸ್ (ಅಪಾಯದಲ್ಲಿ ಸಹಾಯ ಕೇಳುವ ಸಂಕೇತ) ಬಿಟ್ಟು ಯಾರಿಗೂ ಏನೂ ಗೊತ್ತಿಲ್ಲ. ಈಗ ಇದನ್ನು ಕಲಿತು ಏನು ಪ್ರಯೋಜನ? – ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಸಂಪಾದಕರ ಉತ್ತರ: ದಯವಿಟ್ಟು ಅವಳನ್ನು ತಡೆಯಬೇಡಿ. ಟೆಲಿಗ್ರಾಂ ಜೊತೆಗೇ ಮೋರ್ಸ್ ಕೂಡ ಹೋಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ 2013ರ ಜುಲೈನಲ್ಲಿ ತಂತಿ ಸೇವೆ ನಿಂತಾಗ ಸಂದೇಶ ಹೋಗುತ್ತಿದ್ದದ್ದು ಕಂಪ್ಯೂಟರಿನಲ್ಲಿ. ತಂತಿ ಕಚೇರಿಗಳು ಮೋರ್ಸ್ ಬಿಟ್ಟು ಆಗಲೇ ಬಹಳ ಕಾಲವಾಗಿತ್ತು. ಹಡಗುಗಳೂ 1999ರಲ್ಲಿ ಹೊಸ ವ್ಯವಸ್ಥೆಗೆ ಬದಲಾದವು. ವಿಮಾನಕ್ಕೆ ದಾರಿ ತೋರುವ ರೇಡಿಯೊ ಕೇಂದ್ರಗಳು ಮಾತ್ರ ಇವತ್ತಿಗೂ ತಮ್ಮ ಗುರುತಿನ ಅಕ್ಷರಗಳನ್ನು ಮೋರ್ಸ್‌ನಲ್ಲೇ ಕಳಿಸುತ್ತವೆ.

ಹಳೆಯ ನೋಕಿಯಾ ಫೋನಿಗೆ ಮೆಸೇಜ್ ಬಂದರೆ ಮೂರು ಸಲ ಚಿಕ್ಕದಾಗಿ, ಎರಡು ಸಲ ಉದ್ದಕ್ಕೆ, ಮತ್ತೆ ಮೂರು ಸಲ ಚಿಕ್ಕದಾಗಿ ಕೂಗುತ್ತಿತ್ತು, ಅಲ್ವಾ? ಅದು ಮೋರ್ಸ್‌ನಲ್ಲಿ 'ಎಸ್‌ಎಂಎಸ್'. ನಿಮ್ಮ ಆಫೀಸಿನವರೂ ಕೇಳಿರುತ್ತಾರೆ. ಅದೇನು ಅಂತ ಯಾರೂ ಹೇಳಿಲ್ಲ, ಅಷ್ಟೇ. ಗೂಗಲ್ 2018ರಲ್ಲಿ ತನ್ನ ಫೋನ್ ಕೀಬೋರ್ಡಿಗೆ ಮೋರ್ಸ್ ಸೇರಿಸಿತು. ಕೈಬೆರಳು ಆಡಿಸಲಾಗದವರು ಎರಡೇ ಎರಡು ಸ್ವಿಚ್ಚಿನಿಂದ ಬೇಕಾದ್ದನ್ನು ಬರೆಯಬಹುದು. ನನ್ನ ಮಟ್ಟಿಗೆ ಈ ಒಂದು ಕಾರಣವೇ ಸಾಕು.

ನನಗೆ ಚಿಂತೆ ಆ ಚಾರ್ಟಿನದು. ನೋಡಿ ಕಲಿತವರು ಚುಕ್ಕಿ, ಗೆರೆ ಎಣಿಸುತ್ತಾ ಕೂರುತ್ತಾರೆ, ಅಷ್ಟರಲ್ಲಿ ಮುಂದಿನ ಅಕ್ಷರ ಬಂದು ಹೋಗಿರುತ್ತದೆ. ಹ್ಯಾಮ್ ರೇಡಿಯೊದವರು, ಅಂದರೆ ಹವ್ಯಾಸಕ್ಕಾಗಿ ರೇಡಿಯೊ ಸಂಪರ್ಕ ನಡೆಸುವವರು, ಚುಕ್ಕಿಗೆ 'ಡಿ', ಗೆರೆಗೆ 'ಡಾ' ಅನ್ನುತ್ತಾರೆ. ಒಂದು ಡಾ ಮೂರು ಡಿಗಳಷ್ಟು ಉದ್ದ. ನಮ್ಮ ದೇಶದ ಹ್ಯಾಮ್‌ಗಳ ಕಾಲ್‌ಸೈನ್ (ರೇಡಿಯೊದಲ್ಲಿ ಅವರ ಗುರುತಿನ ಹೆಸರು) ಸಾಮಾನ್ಯವಾಗಿ 'ವಿ', 'ಯು' ಅಕ್ಷರಗಳಿಂದ ಶುರುವಾಗುತ್ತದೆ: ಡಿಡಿಡಿಡಾ, ಡಿಡಿಡಾ. ಮೃದಂಗದ ಸೊಲ್ಲಿನ ಹಾಗೆ ಇದನ್ನೂ ಬಾಯಲ್ಲಿ ಹೇಳಿಯೇ ಕಲಿಯಬೇಕು. ಇನ್ನೊಂದು ಮಾತು: ಅಕ್ಷರವನ್ನು ಎಳೆದು ಎಳೆದು ಕೇಳಿಸಬೇಡಿ. ಅಕ್ಷರ ಬೇಗ ಬರಲಿ, ಎರಡು ಅಕ್ಷರಗಳ ನಡುವೆ ಬಿಡುವು ಜಾಸ್ತಿ ಇರಲಿ. ಎಸ್‌ಒಎಸ್ ಮಾತ್ರ ಹಾಗಲ್ಲ, ಅದನ್ನು ನಡುವೆ ಬಿಡುವೇ ಇಲ್ಲದೆ ಒಂದೇ ಸಮ ಕಳಿಸಬೇಕು. ಕರೆಂಟ್ ಹೋದಾಗ ಟಾರ್ಚ್ ಕೊಟ್ಟು ಅಭ್ಯಾಸ ಮಾಡಿಸಿ.

ಹ್ಯಾಮ್‌ಗಳು ಮೋರ್ಸ್ ಇಟ್ಟುಕೊಂಡಿರುವುದು ಬರೀ ಹಳೆಯದರ ಮೇಲಿನ ಪ್ರೀತಿಗಲ್ಲ. ರೇಡಿಯೊ ಆವರ್ತನದಲ್ಲಿ ಮಾತಿಗೆ ಸುಮಾರು 2,400 ಹರ್ಟ್ಸ್ ಜಾಗ ಬೇಕು, ಮೋರ್ಸ್‌ಗೆ 150ರ ಆಸುಪಾಸು ಸಾಕು. ಜಾಗ ಕಿರಿದಾದಷ್ಟೂ ಒಳಗೆ ಬರುವ ಗದ್ದಲ ಕಡಿಮೆ. ಹಾಗಾಗಿ ಮಾತು ಅರ್ಥವಾಗದಷ್ಟು ಗದ್ದಲದಲ್ಲೂ ಆ ಡಿ-ಡಾ ಕೇಳಿಸುತ್ತದೆ.

ನಮ್ಮ ಊರಿನಲ್ಲೇ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ಇದೆ. 12 ವರ್ಷ ತುಂಬಿದವರು ಹ್ಯಾಮ್ ಲೈಸೆನ್ಸ್ ಪರೀಕ್ಷೆ ಬರೆಯಬಹುದು. ಆರಂಭದ ಹಂತದ ಲೈಸೆನ್ಸಿಗೆ ಮೋರ್ಸ್ ಪರೀಕ್ಷೆಯೂ ಇಲ್ಲ. ಮಗಳನ್ನು ಒಮ್ಮೆ ಹ್ಯಾಮ್ ಒಬ್ಬರ ಹತ್ತಿರ ಕರೆದುಕೊಂಡು ಹೋಗಿ, ಮೋರ್ಸ್ ಕಳಿಸುವ ಕೀ ಒತ್ತಲು ಬಿಡಿ. ನೀವೂ ಪಕ್ಕದಲ್ಲಿ ಕೂತು ಕೇಳಿ.